ಬಿಲ್ ವಿದರ್ಸ್ 1985ರ ನಂತರ ಹಾಡುವುದನ್ನು ನಿಲ್ಲಿಸಿದ್ದೇಕೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ರಿದಮ್ ಅಂಡ್ ಬ್ಲೂಸ್ ಗಾಯಕ ಮತ್ತು ಗೀತರಚನಕಾರ ಬಿಲ್ ವಿದರ್ಸ್ ಅವರ ಬದುಕನ್ನು ಬಲ್ಲವರಲ್ಲಿ ಒಂದು ವಿಷಯ ಕೇಳಬೇಕಾಗಿದೆ. 2020ರ ಮಾರ್ಚ್ 30ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಅವರು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಕೊರೋನಾದ ಕಾರಣ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದ ಆ ದಿನಗಳಲ್ಲಿ ಅನೇಕ ದೇಶಗಳ ಜನ ಅವರ ‘ಲೀನ್ ಆನ್ ಮಿ’ ಹಾಡನ್ನು ತಮ್ಮ ಮನೆಗಳಿಂದಲೇ ಹಾಡಿ ಒಬ್ಬರಿಗೊಬ್ಬರು ಕಳುಹಿಸುತ್ತಿದ್ದರು. ನಾನು ಅವರ ಹಾಡುಗಳನ್ನು ಗಮನವಿಟ್ಟು ಕೇಳತೊಡಗಿದ್ದು ಆಗಿನಿಂದ.

ನನಗೆ ಬಗೆಹರಿಯದ ಸಂಗತಿ ಇದು. ಮೂವತ್ತೆರಡು ವರ್ಷ ತುಂಬಿದ ಮೇಲೆ, 1971ರಲ್ಲಿ, ಮೊದಲ ಆಲ್ಬಮ್ ತಂದವರು 1985ರಲ್ಲಿ ಕೊನೆಯದನ್ನು ತಂದು ಸುಮ್ಮನಾದರು. ಅಲ್ಲಿಂದ ಮುಂದೆ ಮೂವತ್ತೈದು ವರ್ಷ ಬದುಕಿದ್ದರೂ ಹೊಸ ಆಲ್ಬಮ್ ಒಂದೂ ಬರಲಿಲ್ಲ. ಅವರ ಕಂಠ ಕೆಟ್ಟಿರಲಿಲ್ಲ. ಕೇಳುಗರು ದೂರವಾಗಿದ್ದರು ಎನ್ನಲೂ ಆಗದು, ಏಕೆಂದರೆ 1981ರಲ್ಲಿ ಕೂಡ ಅವರು ಹಾಡಿದ ಗೀತೆಯೊಂದು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಏರಿತ್ತು. ರೆಕಾರ್ಡ್ ಕಂಪನಿ ಅವರನ್ನು ಹಾಳುಮಾಡಿತೆಂದು ಕೆಲವರೂ, ಅವರೇ ಹಟಮಾರಿಯೆಂದು ಇನ್ನು ಕೆಲವರೂ ಬರೆಯುತ್ತಾರೆ. ಇದರಲ್ಲಿ ನಿಜ ಯಾವುದು?

ಇದರ ಜೊತೆಗೆ ಇನ್ನೊಂದು ಪ್ರಶ್ನೆ. ಅವರ ಹಾಡುಗಳ ಇಂಗ್ಲಿಷ್ ನನ್ನಂಥವರಿಗೂ ಮೊದಲ ಕೇಳುವಿಕೆಯಲ್ಲೇ ಪೂರ್ತಿಯಾಗಿ ತಿಳಿಯುತ್ತದೆ. ಅಷ್ಟು ಸರಳವಾಗಿ ಬರೆದೂ ಹಾಡು ಸಪ್ಪೆಯಾಗದಂತೆ ಅವರು ಹೇಗೆ ನೋಡಿಕೊಂಡರು? ದಯವಿಟ್ಟು ತಿಳಿದವರು ಬರೆಯಿರಿ.

ಶ್ರುತಿಪೆಟ್ಟಿಗೆ

ತುಂಗಾತೀರ ಅವರೇ, ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆಯೆಂದು ನನ್ನ ಎಣಿಕೆ. ಅದು ಅವರು ಗಾಯಕರಾಗುವುದಕ್ಕೆ ಮುಂಚಿನ ಬದುಕು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ವಿದರ್ಸ್ ಹುಟ್ಟಿದ್ದು 1938ರ ಜುಲೈ 4ರಂದು, ಪಶ್ಚಿಮ ವರ್ಜೀನಿಯಾ ರಾಜ್ಯದ ಸ್ಲ್ಯಾಬ್ ಫೋರ್ಕ್ ಎಂಬ ಪುಟ್ಟ ಊರಿನಲ್ಲಿ. ಕಲ್ಲಿದ್ದಲು ಗಣಿಯೊಂದೇ ಆ ಊರಿನ ಬದುಕಿಗೆ ಆಧಾರ. ಆರು ಮಕ್ಕಳಲ್ಲಿ ಇವರೇ ಕಿರಿಯರು. ತಂದೆ ಗಣಿಯಲ್ಲಿ ದುಡಿಯುತ್ತಿದ್ದರು ಮತ್ತು ಮಗನಿಗೆ ಹದಿಮೂರು ವರ್ಷವಾದಾಗ ತೀರಿಕೊಂಡರು. ಸಮೀಪದ ಬೆಕ್ಲಿ ಪಟ್ಟಣದಲ್ಲಿ ತಾಯಿಯ ಕಡೆಯವರ ಆಸರೆಯಲ್ಲಿ ಬೆಳೆದ ಹುಡುಗನಿಗೆ ಮಾತನಾಡಲು ಹೋದರೆ ಉಗ್ಗು ಅಡ್ಡ ಬರುತ್ತಿತ್ತು. ಅವನನ್ನು ಆತುಕೊಂಡದ್ದು ಅಜ್ಜಿ. ಮುಂದೆ ಆ ಅಜ್ಜಿಯ ಮೇಲೆ ಬರೆದ ‘ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್’ ಹಾಡಿನಲ್ಲಿ ಅಜ್ಜಿಯ ಮುಖದ ವರ್ಣನೆಯಿಲ್ಲ, ಗುಣಗಾನವೂ ಇಲ್ಲ. ಇರುವುದು ಅವಳ ಕೈಗಳು ಮಾತ್ರ. ಭಾನುವಾರ ಚರ್ಚಿನಲ್ಲಿ ಚಪ್ಪಾಳೆ ತಟ್ಟುವ ಕೈ, ಟ್ಯಾಂಬರಿನ್ ಬಾರಿಸುವ ಕೈ, ನೋವಿನಿಂದ ಒಮ್ಮೊಮ್ಮೆ ಊದಿಕೊಳ್ಳುವ ಕೈ, ಬಿದ್ದ ಮಗುವನ್ನು ಎತ್ತಿಕೊಳ್ಳುವ ಕೈ. ಎರಡು ನಿಮಿಷದ ಆ ಹಾಡಿನಲ್ಲಿ ಪ್ರೀತಿಯ ಬಗ್ಗೆ ಭಾಷಣವಿಲ್ಲ, ಕಂಡದ್ದನ್ನು ಕಂಡಹಾಗೆ ಹೇಳುವ ಮಾತಷ್ಟೇ ಇದೆ. ನಿಮ್ಮ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ.

ಗಣಿಗೆ ಇಳಿಯುವುದನ್ನು ತಪ್ಪಿಸಿಕೊಳ್ಳಲು ವಿದರ್ಸ್ ಹದಿಹರೆಯದಲ್ಲೇ ನೌಕಾಪಡೆ ಸೇರಿದರು. ಅಲ್ಲಿ ಒಂಬತ್ತು ವರ್ಷ ಇದ್ದು ವಿಮಾನಗಳ ರಿಪೇರಿ ಕೆಲಸ ಕಲಿತರು, ಉಗ್ಗನ್ನೂ ನಿಧಾನವಾಗಿ ಹಿಡಿತಕ್ಕೆ ತಂದುಕೊಂಡರು. 1965ರಲ್ಲಿ ಹೊರಬಂದು, 1967ರಲ್ಲಿ ಲಾಸ್ ಏಂಜಲೀಸ್ ಸೇರಿದರು. ಅಲ್ಲಿ ಬರ್‌ಬ್ಯಾಂಕ್‌ನ ವೆಬರ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಬೋಯಿಂಗ್ 747 ವಿಮಾನಗಳಿಗೆ ಶೌಚಾಲಯ ಜೋಡಿಸುವ ಕೆಲಸ ಹಿಡಿದರು. ಓಕ್ಲಂಡ್‌ನ ಒಂದು ಕ್ಲಬ್ಬಿನಲ್ಲಿ ಲೂ ರಾಲ್ಸ್ ಅವರ ಹಾಡುಗಾರಿಕೆಯನ್ನೂ ಅದಕ್ಕೆ ಸಿಗುವ ಸಂಭಾವನೆಯನ್ನೂ ಕಂಡ ಮೇಲೆ ತಾವೂ ಏಕೆ ಪ್ರಯತ್ನಿಸಬಾರದೆಂದು ಅವರಿಗೆ ಅನ್ನಿಸಿತಂತೆ. ಗಿರವಿ ಅಂಗಡಿಯಿಂದ ಕಡಿಮೆ ಬೆಲೆಯ ಗಿಟಾರು ತಂದು ತಾವೇ ನುಡಿಸಲು ಕಲಿತರು, ಸಂಬಳದಲ್ಲಿ ಉಳಿಸಿದ ಹಣದಿಂದ ಮಾದರಿ ಧ್ವನಿಮುದ್ರಣ ಮಾಡಿಸಿ ಕಂಪನಿಗಳಿಗೆ ಒಯ್ದರು. ಕೊನೆಗೆ ಸಸೆಕ್ಸ್ ರೆಕಾರ್ಡ್ಸ್‌ನ ಕ್ಲಾರೆನ್ಸ್ ಅವಾಂಟ್ ಎಂಬವರು ವಿದರ್ಸ್ ಅವರನ್ನು ಒಪ್ಪಿಕೊಂಡರು. ಬುಕರ್ ಟಿ. ಜೋನ್ಸ್ ನಿರ್ಮಾಣದ ಹೊಣೆ ಹೊತ್ತರು. ಬಾಸ್ ಗಿಟಾರಿಗೆ ಡೊನಾಲ್ಡ್ ಡನ್, ಡ್ರಮ್ಸ್‌ಗೆ ಅಲ್ ಜಾಕ್ಸನ್, ಗಿಟಾರಿಗೆ ಸ್ಟೀಫನ್ ಸ್ಟಿಲ್ಸ್ ಬಂದರು. ಹೊಸಬನೊಬ್ಬನಿಗೆ ಇಂಥ ಪಕ್ಕವಾದ್ಯ ದೊರೆಯುವುದು ಸಾಮಾನ್ಯ ಸಂಗತಿಯಲ್ಲ.

‘ಜಸ್ಟ್ ಆಸ್ ಐ ಆಮ್’ ಎಂಬ ಆ ಆಲ್ಬಮ್ಮಿನ ಹೊದಿಕೆಯನ್ನು ನೀವು ಗಮನಿಸಿರಬಹುದು. ಕಾರ್ಖಾನೆಯ ಗೋಡೆಗೆ ಒರಗಿ, ಕೈಯಲ್ಲಿ ಬುತ್ತಿಡಬ್ಬಿ ಹಿಡಿದು ನಿಂತಿದ್ದಾರೆ. ಅದು ಫೋಟೋಕ್ಕಾಗಿ ಹಾಕಿದ ವೇಷವಲ್ಲ, ಅವರು ಆಗ ನಿಜವಾಗಿಯೂ ಅಲ್ಲಿನ ಕೆಲಸಗಾರರೇ ಆಗಿದ್ದರು. ಸಂಗೀತದ ಉದ್ಯಮ ಯಾವ ಕ್ಷಣದಲ್ಲಾದರೂ ಕೈಬಿಡಬಹುದೆಂದು ತಿಳಿದು ಅವರು ಕೆಲಸವನ್ನು ಒಡನೆಯೇ ಬಿಟ್ಟಿರಲಿಲ್ಲ. ಆ ಆಲ್ಬಮ್ಮಿನ ‘ಏಂಟ್ ನೋ ಸನ್‌ಶೈನ್’ ಮೊದಲು ಬಂದದ್ದು ಒಂದು ರೆಕಾರ್ಡಿನ ಹಿಂಬದಿಯಲ್ಲಿ, ಮುಂಬದಿಯಲ್ಲಿ ‘ಹಾರ್ಲೆಮ್’ ಇತ್ತು. ರೇಡಿಯೋದವರು ರೆಕಾರ್ಡನ್ನು ತಿರುಗಿಸಿ ಹಾಕಿದರು, ಹಾಡು ಮೂರನೆಯ ಸ್ಥಾನಕ್ಕೇರಿತು, ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅದರ ನಡುವೆ ‘ಐ ನೋ’ ಎಂಬ ಎರಡೇ ಪದಗಳನ್ನು ಅವರು ಇಪ್ಪತ್ತಾರು ಸಲ ಹೇಳುತ್ತಾರೆ. ಆ ಜಾಗದಲ್ಲಿ ಇನ್ನೊಂದು ಚರಣ ಬರೆದು ತುಂಬಿಸಬೇಕೆಂದಿದ್ದರು; ಜೊತೆಯಲ್ಲಿದ್ದ ಅನುಭವಿ ವಾದ್ಯಗಾರರು ಹಾಗೆಯೇ ಬಿಡಿರೆಂದರು, ಹೊಸಬರಾದ ವಿದರ್ಸ್ ಆ ವಾದ್ಯಗಾರರ ಮಾತು ಕೇಳಿದರು. ಉಳಿದ ವಾದ್ಯಗಳು ಹಿಂದೆ ಸರಿದು, ಡ್ರಮ್ಸ್‌ನ ತಾಳವೊಂದರ ಮೇಲೆ ಆ ಎರಡು ಪದಗಳು ಉಸಿರು ತೆಗೆದುಕೊಳ್ಳದಂತೆ ಸಾಗುವುದನ್ನು ಕೇಳಿದರೆ, ಬಿಟ್ಟುಹೋದವಳನ್ನು ಮರೆಯಬೇಕೆಂದು ತಿಳಿದೂ ಮರೆಯಲಾರದವನ ಪಾಡು ಯಾವ ಚರಣದಲ್ಲೂ ಇಷ್ಟು ನೇರವಾಗಿ ಬರುತ್ತಿರಲಿಲ್ಲವೆಂದು ಅನ್ನಿಸುತ್ತದೆ.

ಇಷ್ಟನ್ನೂ ಹೇಳಿದ್ದರ ಉದ್ದೇಶವಿಷ್ಟೆ. ಅವರಿಗೆ ಸಂಗೀತ ಬದುಕಿನ ಮೊದಲ ಕಸುಬಾಗಿರಲಿಲ್ಲ. ಹದಿನೆಂಟಕ್ಕೇ ವೇದಿಕೆ ಏರಿದವರಿಗೆ ವೇದಿಕೆಯ ಆಚೆ ಏನಿದೆಯೆಂದು ತಿಳಿದಿರುವುದಿಲ್ಲ. ಇವರಿಗೆ ತಿಳಿದಿತ್ತು, ಆದ್ದರಿಂದ ಬಿಟ್ಟು ನಡೆಯಲು ಭಯವಿರಲಿಲ್ಲ.

ಹಳೆ ರೆಕಾರ್ಡು

ಶ್ರುತಿಪೆಟ್ಟಿಗೆ ಅವರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಕಾರಣದ ಅರ್ಧಭಾಗವಷ್ಟೇ ಅದರಲ್ಲಿದೆ. ಭಯವಿಲ್ಲದವನು ಬಿಟ್ಟು ಹೋಗಬಲ್ಲ, ನಿಜ. ಆದರೆ ಬಿಟ್ಟು ಹೋಗುವಂತೆ ಮಾಡಿದ್ದು ಯಾವುದು ಎಂಬುದೂ ಮುಖ್ಯವಲ್ಲವೇ?

ಸಸೆಕ್ಸ್ ಕಂಪನಿಯಲ್ಲಿದ್ದಾಗ ಅವರಿಗೆ ತಮ್ಮ ಹಾಡನ್ನು ತಮಗೆ ಬೇಕಾದಂತೆ ಮಾಡುವ ಸ್ವಾತಂತ್ರ್ಯವಿತ್ತು. 1972ರ ‘ಸ್ಟಿಲ್ ಬಿಲ್’ ಆಲ್ಬಮ್ಮನ್ನು ಅವರು ವಾಟ್ಸ್ 103ನೇ ಸ್ಟ್ರೀಟ್ ರಿದಮ್ ಬ್ಯಾಂಡಿನಲ್ಲಿದ್ದ ಗೆಳೆಯರೊಂದಿಗೆ ಕೂತು ಮಾಡಿದರು. ಡ್ರಮ್ಸ್ ನುಡಿಸಿದ ಜೇಮ್ಸ್ ಗ್ಯಾಡ್ಸನ್ ಅವರ ಹೆಸರನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು; ‘ಯೂಸ್ ಮಿ’ ಹಾಡಿನ ಜೀವವಿರುವುದು ಅವರ ಕೈಯಲ್ಲಿ. ಅದೇ ಆಲ್ಬಮ್ಮಿನ ‘ಲೀನ್ ಆನ್ ಮಿ’ ಆ ವರ್ಷದ ಜುಲೈಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ‘ಯೂಸ್ ಮಿ’ ಎರಡನೆಯ ಸ್ಥಾನ ಮುಟ್ಟಿತು. ಹೀಗಿದ್ದೂ ಕಂಪನಿಯಿಂದ ಬರಬೇಕಾದ ಹಣದ ಬಗ್ಗೆ ವ್ಯಾಜ್ಯ ಹುಟ್ಟಿತು. ಸಿಟ್ಟಿನಲ್ಲಿ ತಾವು ಧ್ವನಿಮುದ್ರಿಸಿದ್ದ ಇಡೀ ಒಂದು ಆಲ್ಬಮ್ಮನ್ನು ತಾವೇ ಅಳಿಸಿಹಾಕಿದುದಾಗಿ ವಿದರ್ಸ್ ಬಹಳ ವರ್ಷಗಳ ಬಳಿಕ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. 1975ರಲ್ಲಿ ಸಸೆಕ್ಸ್ ಮುಳುಗಿತು.

ಅಲ್ಲಿಂದ ಅವರು ಹೋದದ್ದು ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಗೆ. 1975ರಿಂದ 1978ರವರೆಗೆ ವರ್ಷಕ್ಕೊಂದರಂತೆ ನಾಲ್ಕು ಆಲ್ಬಮ್ ಬಂದವು. 1977ರ ‘ಲವ್ಲಿ ಡೇ’ ಈ ಕಾಲದ್ದೇ. ಅದರ ಕೊನೆಯ ಭಾಗದಲ್ಲಿ ಒಂದೇ ಸ್ವರವನ್ನು ಸುಮಾರು 18 ಸೆಕೆಂಡ್ ಹಿಡಿದು ನಿಲ್ಲಿಸುತ್ತಾರೆ. ಆದರೆ ಒಳಗೆ ಜಗ್ಗಾಟ ನಡೆದಿತ್ತು. ಹಾಡುಗಳನ್ನು ಆಯುವ ಅಧಿಕಾರಿಗಳು ಇವರು ತಂದುಕೊಟ್ಟದ್ದನ್ನು ಬೇಡವೆನ್ನುತ್ತಿದ್ದರು, ಕಪ್ಪು ಜನರ ಸಂಗೀತ ಹೇಗಿರಬೇಕೆಂದು ಇವರಿಗೇ ಪಾಠ ಹೇಳುತ್ತಿದ್ದರು. ಎಲ್ವಿಸ್ ಪ್ರೆಸ್ಲಿ ಹಾಡಿ ಪ್ರಸಿದ್ಧವಾಗಿದ್ದ ಒಂದು ಗೀತೆಯನ್ನು ಮರಳಿ ಹಾಡಿರೆಂದು ಒಬ್ಬರು ಸೂಚಿಸಿದ್ದನ್ನು ವಿದರ್ಸ್ ಕೊನೆಯವರೆಗೂ ಮರೆಯಲಿಲ್ಲ. ಸ್ವಂತ ಹಾಡಿನಿಂದ ದೇಶದ ಮೊದಲ ಸ್ಥಾನಕ್ಕೇರಿದ ರಚನಕಾರನಿಗೆ ಹೀಗೆ ಹೇಳಿದರೆ ಅವನ ಮನಸ್ಸಿಗೆ ಏನಾಗಬೇಕು?

1978ರಿಂದ 1985ರವರೆಗೆ ಏಳು ವರ್ಷ ಅವರ ಹೆಸರಿನಲ್ಲಿ ಆಲ್ಬಮ್ ಬರಲಿಲ್ಲ. ಹಾಡುವ ಆಸೆ ಬತ್ತಿರಲಿಲ್ಲ ಎನ್ನುವುದಕ್ಕೆ ಸಾಕ್ಷಿಯೂ ಉಂಟು. ಆ ಅವಧಿಯಲ್ಲಿ ಅವರು ಬೇರೆಯವರ ಆಲ್ಬಮ್ಮುಗಳಿಗೆ ಹಾಡಿದರು. 1980ರಲ್ಲಿ ಕ್ರುಸೇಡರ್ಸ್ ತಂಡಕ್ಕೆ, 1984ರಲ್ಲಿ ರಾಲ್ಫ್ ಮ್ಯಾಕ್‌ಡೊನಾಲ್ಡ್ ಅವರಿಗೆ. ನೀವು ಹೇಳಿದ 1981ರ ಗೀತೆ ‘ಜಸ್ಟ್ ದ ಟೂ ಆಫ್ ಅಸ್’ ಕೂಡ ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ ಆಲ್ಬಮ್ಮಿನದೇ ಹೊರತು ಇವರದಲ್ಲ. ಸಾಹಿತ್ಯವನ್ನು ತಾನು ತಿದ್ದುವುದಾದರೆ ಮಾತ್ರ ಹಾಡುತ್ತೇನೆಂದು ಹೇಳಿ, ತಿದ್ದಿ, ಹಾಡಿದರು. ಅದಕ್ಕೂ ಗ್ರ್ಯಾಮಿ ಬಂತು. ಹೊರಗೆ ಇಷ್ಟು ಆದರ, ಒಳಗೆ ತಮ್ಮ ಕಂಪನಿಯ ಸ್ಟುಡಿಯೋಗೇ ಪ್ರವೇಶವಿಲ್ಲ. 1985ರ ‘ವಾಚಿಂಗ್ ಯು ವಾಚಿಂಗ್ ಮಿ’ ಮುಗಿಯುತ್ತಿದ್ದಂತೆ ಅವರು ಹೊರನಡೆದದ್ದು ಹಟಮಾರಿತನವೆಂದು ನನಗೆ ತೋರುವುದಿಲ್ಲ.

ಇನ್ನೊಂದು ವ್ಯಾವಹಾರಿಕ ಸಂಗತಿಯನ್ನೂ ಸೇರಿಸುತ್ತೇನೆ, ಏಕೆಂದರೆ ನಮ್ಮಲ್ಲಿ ಇದು ಸುಲಭವಾಗಿ ಕಣ್ತಪ್ಪಿ ಹೋಗುತ್ತದೆ. ನಮ್ಮ ಭಾವಗೀತೆಗಳಲ್ಲಿ ಬರೆದ ಕವಿ, ರಾಗ ಹಾಕಿದವರು, ಹಾಡಿದವರು ಸಾಮಾನ್ಯವಾಗಿ ಬೇರೆ ಬೇರೆ. ವಿದರ್ಸ್ ವಿಷಯದಲ್ಲಿ ಬಹುಪಾಲು ಹಾಡುಗಳಿಗೆ ಮೂವರೂ ಒಬ್ಬರೇ. ಹಾಡುವುದನ್ನು ನಿಲ್ಲಿಸಿದರೂ ಬರೆದವನ ಹಕ್ಕು ನಿಲ್ಲುವುದಿಲ್ಲ. ಬೇರೆ ಯಾರು ಹಾಡಿ ಮಾರಿದರೂ ರಾಯಲ್ಟಿ ಬರುತ್ತದೆ. ಮೈಕಲ್ ಜಾಕ್ಸನ್ ‘ಏಂಟ್ ನೋ ಸನ್‌ಶೈನ್’ ಹಾಡಿದರು. ಕ್ಲಬ್ ನೂವೋ ತಂಡದ ‘ಲೀನ್ ಆನ್ ಮಿ’ 1987ರಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಹೋಗಿ, ನಿವೃತ್ತರಾಗಿದ್ದ ರಚನಕಾರನಿಗೆ ಮೂರನೆಯ ಗ್ರ್ಯಾಮಿ ತಂದಿತು. ಅಜ್ಜಿಯ ಕೈಗಳ ಹಾಡಿನ ಒಂದು ತುಣುಕು 1996ರ ‘ನೋ ಡಿಗಿಟಿ’ ಎಂಬ ಹಾಡಿನ ಬುನಾದಿಯಾಯಿತು. ಈ ಹಕ್ಕುಗಳ ವ್ಯವಹಾರವನ್ನು ಪತ್ನಿ ಮಾರ್ಷಾ ನೋಡಿಕೊಂಡರು. ಸಂಸಾರಕ್ಕೆ ಕೊರತೆಯಾಗದ ಕಾರಣ, ಇಷ್ಟವಿಲ್ಲದವರ ಮುಂದೆ ಮತ್ತೆ ಹೋಗಿ ನಿಲ್ಲುವ ಅಗತ್ಯ ಬೀಳಲಿಲ್ಲ.

ಕರಿಬಿಳಿಮಣೆ

ಕಾರಣಗಳ ಚರ್ಚೆಯನ್ನು ದೊಡ್ಡವರಿಗೆ ಬಿಟ್ಟು, ಸರಳತೆಯ ಪ್ರಶ್ನೆಗೆ ನಾನು ಸಂಗೀತದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಾನು ಮಕ್ಕಳಿಗೆ ಕೀಬೋರ್ಡ್ ಕಲಿಸುವವಳು.

‘ಲೀನ್ ಆನ್ ಮಿ’ ರಚಿಸಿದಾಗ ವಿದರ್ಸ್ ಅವರಿಗೆ ಪಿಯಾನೋ ಹೆಚ್ಚು ಬರುತ್ತಿರಲಿಲ್ಲ. ಆಗಷ್ಟೇ ಒಂದು ಸಣ್ಣ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋ ಕೊಂಡಿದ್ದರು. ಬೆರಳುಗಳನ್ನು ಪಕ್ಕಪಕ್ಕದ ಬಿಳಿ ಕೀಗಳ ಮೇಲೆ ಏರಿಸಿ ಇಳಿಸುತ್ತಿರುವಾಗ ಹಾಡು ಹುಟ್ಟಿತೆಂದು ಅವರೇ ವಿವರಿಸಿದ್ದಾರೆ. ಸಿ ಶ್ರುತಿಯನ್ನು ಷಡ್ಜವಾಗಿಟ್ಟುಕೊಂಡು ಬರೆದರೆ ಮೊದಲ ಸಾಲು ಸ, ಸ ರಿ ಗ ಮ ಎಂದು ಏರಿ, ಮ, ಮ ಗ ರಿ ಸ ಎಂದು ಇಳಿದು, ಮತ್ತೆ ಸ ರಿ ಗ ಎಂದು ಹೋಗಿ ರಿಷಭದಲ್ಲಿ ನಿಲ್ಲುತ್ತದೆ. ಸ್ವರಗಳೆಲ್ಲ ನಮ್ಮ ಶಂಕರಾಭರಣದವೇ. ಒಂದು ಸ್ವರದಿಂದ ಪಕ್ಕದ ಸ್ವರಕ್ಕಲ್ಲದೆ ಎಲ್ಲಿಗೂ ಹಾರುವುದಿಲ್ಲ. ಅಷ್ಟೇ ಅಲ್ಲ, ಅಡಿಯಲ್ಲಿ ನುಡಿಸುವ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಕೂಡ ಕೈಯ ಆಕಾರ ಬದಲಾಗದಂತೆ ರಾಗದ ಜೊತೆಗೇ ಒಂದೊಂದು ಕೀ ಸರಿಯುತ್ತವೆ. ಕಲಿಯಲು ಬಂದ ಹೊಸ ಮಗುವಿನ ಕೈಯೂ ಸಹಜವಾಗಿ ಹೀಗೆಯೇ ಚಲಿಸುತ್ತದೆ.

ಕೇಳುವವರ ಮನಸ್ಸನ್ನು ಹಿಡಿದಿಡುವುದು ಆ ರಿಷಭ. ಮೊದಲ ಸಾಲು ಅಲ್ಲಿ ಅರ್ಧಕ್ಕೆ ನಿಂತು, ಎರಡನೆಯ ಸಾಲು ಅದೇ ದಾರಿಯಲ್ಲಿ ಹೊರಟು, ಕೊನೆಯಲ್ಲಿ ಮಾತ್ರ ನಿ ಸ ಎಂದು ಷಡ್ಜ ಸೇರುತ್ತದೆ. ನೋವನ್ನು ಹೇಳುವ ಸಾಲು ಮುಗಿಯದೆ ಉಳಿಯುತ್ತದೆ, ಸಮಾಧಾನ ಹೇಳುವ ಸಾಲು ಮುಗಿಯುತ್ತದೆ. ಮಾತಿನಲ್ಲಿರುವ ಭಾವವನ್ನು ರಾಗವೂ ಅಷ್ಟೇ ಸರಳವಾಗಿ ಹೇಳಿಬಿಡುವುದರಿಂದ ಅಲಂಕಾರದ ಅಗತ್ಯ ಬೀಳುವುದಿಲ್ಲ. ನೆರೆಹೊರೆಯವರು ಒಬ್ಬರಿಗೊಬ್ಬರು ಆಗಿಬರುವ ಸ್ಲ್ಯಾಬ್ ಫೋರ್ಕಿನ ಬದುಕನ್ನು ದೊಡ್ಡ ನಗರದಲ್ಲಿ ಕಾಣದೆ ಬರೆದ ಹಾಡು ಇದು ಎಂಬುದನ್ನು ನೆನೆದರೆ, ಯಾರು ಬೇಕಾದರೂ ದನಿಗೂಡಿಸಬಹುದಾದ ರಾಗವೇ ಅದಕ್ಕೆ ತಕ್ಕದ್ದು.

ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಬುತ್ತಿಡಬ್ಬಿಯ ಚಿತ್ರವನ್ನು ನೋಡಿದ್ದೆ, ಅದರ ಹಿಂದಿನ ಸಂಗತಿ ತಿಳಿದಿರಲಿಲ್ಲ. ಮೇಡಂ ಬರೆದ ಸ್ವರಗಳನ್ನು ಹಾರ್ಮೋನಿಯಂ ಮೇಲೆ ನುಡಿಸಿ ನೋಡಿದೆ, ಮನೆಯವರೆಲ್ಲ ಕೂಡಲೇ ಗುರುತು ಹಿಡಿದರು. ಇನ್ನು ಉಳಿದದ್ದು ಇಷ್ಟು: ಬಿಟ್ಟುಬಂದದ್ದಕ್ಕೆ ಅವರು ಮುಂದೆ ನೊಂದುಕೊಂಡರೇ? ಪ್ರಸಿದ್ಧವಾದ ನಾಲ್ಕಾರು ಹಾಡುಗಳ ಆಚೆಗೆ ಹೋಗುವುದಾದರೆ ಯಾವುದರಿಂದ ಆರಂಭಿಸಬೇಕು?

ಇಳಿಸಂಜೆ

ತಡವಾಗಿ ಬರುತ್ತಿದ್ದೇನೆ, ಕ್ಷಮಿಸಿ. ಮೇಲಿನ ಉತ್ತರಗಳಲ್ಲಿ ಒಂದು ಅಂಶದ ಬಗ್ಗೆ ನನ್ನ ಭಿನ್ನಾಭಿಪ್ರಾಯ ಹೇಳಿ ಆಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಅವರು ಬಿಟ್ಟು ನಡೆದದ್ದನ್ನು ಧೀರ ನಡೆಯೆಂದು ಮೆಚ್ಚುವ ಉತ್ಸಾಹದಲ್ಲಿ ನಮಗಾದ ನಷ್ಟವನ್ನು ನಾವು ಮರೆಯಬಾರದು. ನಲವತ್ತರಿಂದ ನಲವತ್ತೇಳರವರೆಗಿನ ವಯಸ್ಸು ಒಬ್ಬ ರಚನಕಾರನ ಕೈ ಪಳಗಿದ ಕಾಲ. ಆ ಕಾಲದಲ್ಲಿ ಅವರು ಬರೆದ ಎಷ್ಟೋ ಹಾಡುಗಳು ಅಧಿಕಾರಿಗಳ ಮೇಜಿನ ಮೇಲೆ ತಿರಸ್ಕೃತವಾದವು. ಅವರಿಗೆ ಬದುಕು ಗೊತ್ತಿತ್ತು, ಹಣ ಬರುತ್ತಿತ್ತು, ಸಂಸಾರ ಸುಖವಾಗಿತ್ತು ಎಂಬುದೆಲ್ಲ ನಿಜವೇ ಆದರೂ ಅದು ಅವರ ಪಾಲಿನ ಸಮಾಧಾನ. ಕೇಳುಗರಿಗೆ ಅದರಿಂದ ಏನೂ ದಕ್ಕಲಿಲ್ಲ. ಕಂಪನಿಯ ತಪ್ಪನ್ನು ತಪ್ಪೆಂದೇ ಹೇಳಬೇಕು.

ನೊಂದುಕೊಂಡರೇ ಎಂಬುದಕ್ಕೆ 2009ರಲ್ಲಿ ಬಂದ ‘ಸ್ಟಿಲ್ ಬಿಲ್’ ಎಂಬ ಸಾಕ್ಷ್ಯಚಿತ್ರವನ್ನು ನೋಡಲು ಹೇಳುತ್ತೇನೆ. ಅದರಲ್ಲಿ ಅವರು ಮಗ ಮತ್ತು ಮಗಳೊಂದಿಗೆ ಇರುವುದನ್ನು, ಹುಟ್ಟೂರಿಗೆ ಹೋಗುವುದನ್ನು, ತಮ್ಮ ಬಗ್ಗೆ ಯಾವ ಬಡಾಯಿಯೂ ಇಲ್ಲದೆ ಮಾತನಾಡುವುದನ್ನು ಕಾಣಬಹುದು. ನನ್ನನ್ನು ಹೆಚ್ಚು ತಟ್ಟಿದ ಭಾಗ ಬೇರೆ. ಉಗ್ಗುವ ಮಕ್ಕಳ ಗುಂಪೊಂದನ್ನು ಅವರು ನ್ಯೂಯಾರ್ಕಿನಲ್ಲಿ ಭೇಟಿಯಾಗುತ್ತಾರೆ. ಮಾತು ತಡೆದು ತಡೆದು ಬರುವಾಗ ಎದುರಿನವರು ಹೇಗೆ ನೋಡುತ್ತಾರೆ ಎಂಬುದು ಅನುಭವಿಸಿದವರಿಗಷ್ಟೇ ಗೊತ್ತು. ಆ ಮಕ್ಕಳ ಮುಂದೆ ಅವರ ಕಣ್ಣು ತುಂಬುತ್ತದೆ. ಇಷ್ಟು ಜನರ ಬಾಯಲ್ಲಿ ನೆಲೆಸಿದ ಸಾಲುಗಳನ್ನು ಬರೆದವರು ಎಳೆವೆಯಲ್ಲಿ ಒಂದು ವಾಕ್ಯ ಪೂರ್ತಿ ಹೇಳಲು ಹೆಣಗಿದವರು ಎಂಬುದನ್ನು ತಿಳಿದುಕೊಂಡು ಕೇಳಿದರೆ, ಅವರು ಏಕೆ ಒಂದು ಪದವನ್ನೂ ವ್ಯರ್ಥ ಮಾಡುತ್ತಿರಲಿಲ್ಲ ಎಂಬುದು ಅರ್ಥವಾಗುತ್ತದೆಂದು ನಾನು ನಂಬಿದ್ದೇನೆ. 2015ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಾಗ ಗಾಯಕ ಸ್ಟೀವಿ ವಂಡರ್ ಅವರು ವಿದರ್ಸ್ ಅವರನ್ನು ವೇದಿಕೆಗೆ ಬರಮಾಡಿಕೊಂಡು ವಿದರ್ಸ್ ಅವರ ಹಾಡನ್ನೇ ಹಾಡಿದರು. ವಿದರ್ಸ್ ‘ಲೀನ್ ಆನ್ ಮಿ’ಗೆ ಸ್ವಲ್ಪ ದನಿಗೂಡಿಸಿದರೇ ಹೊರತು ಮತ್ತೆ ಕಛೇರಿ ಕೊಡುವ ಯೋಚನೆ ಮಾಡಲಿಲ್ಲ.

ಆರಂಭಿಸುವುದಾದರೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಸಭಾಂಗಣದ ಕಛೇರಿಯಿಂದ ಆರಂಭಿಸಿ. 1972ರ ಅಕ್ಟೋಬರ್ 6ರಂದು ನಡೆದ ಆ ಕಾರ್ಯಕ್ರಮದ ಧ್ವನಿಮುದ್ರಣ 1973ರಲ್ಲಿ ಆಲ್ಬಮ್ಮಾಗಿ ಬಂತು, ಗ್ಯಾಡ್ಸನ್ ಮತ್ತು ಗೆಳೆಯರೇ ಪಕ್ಕವಾದ್ಯದಲ್ಲಿದ್ದಾರೆ. ಅದರಲ್ಲಿ ‘ಐ ಕಾಂಟ್ ರೈಟ್ ಲೆಫ್ಟ್-ಹ್ಯಾಂಡೆಡ್’ ಎಂಬ ಹಾಡಿದೆ. ವಿಯೆಟ್ನಾಂ ಯುದ್ಧದಲ್ಲಿ ಬಲಭುಜಕ್ಕೆ ಗುಂಡು ಬಿದ್ದ ಯುವಕನೊಬ್ಬ, ತನಗೆ ಎಡಗೈಯಲ್ಲಿ ಬರೆಯಲು ಬಾರದ ಕಾರಣ, ತಾಯಿಗೆ ಕಾಗದ ಬರೆದುಕೊಡೆಂದು ಪಕ್ಕದವನನ್ನು ಕೇಳುವುದೇ ಹಾಡಿನ ವಸ್ತು. ಯುದ್ಧ ಕೆಟ್ಟದ್ದೆಂದು ಅದರಲ್ಲಿ ಎಲ್ಲೂ ಹೇಳಿಲ್ಲ. ತಮ್ಮನನ್ನಾದರೂ ಸೈನ್ಯಕ್ಕೆ ಕರೆಯದಂತೆ ಏನಾದರೂ ಮಾಡಿಸಮ್ಮ ಎಂದು ಅವನು ತಾಯಿಗೆ ಬರೆಸುತ್ತಾನೆ. ಹಾಡಿಗೆ ಮುಂಚೆ ವಿದರ್ಸ್ ಆಡುವ ಪೀಠಿಕೆಯ ಮಾತುಗಳನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಅದಾದ ಮೇಲೆ ‘ಸ್ಟಿಲ್ ಬಿಲ್’ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಬಳಿಕ 1974ರ ‘ಜಸ್ಟ್‌ಮೆಂಟ್ಸ್’. ಕೊಲಂಬಿಯಾದ ಕಾಲದವುಗಳಲ್ಲಿ ‘ಮೆನಾಜರಿ’ ಒಂದನ್ನು ಕೇಳಿದರೆ ಸದ್ಯಕ್ಕೆ ಸಾಕು. ಉಳಿದವುಗಳಲ್ಲಿ ಕಂಪನಿಯ ಕೈ ಹೆಚ್ಚಾಗಿ ಕೇಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ, ಇದನ್ನು ಹಳೆ ರೆಕಾರ್ಡು ಅವರು ಒಪ್ಪದೆಯೂ ಇರಬಹುದು.

ಹಳೆ ರೆಕಾರ್ಡು

ಬಹುತೇಕ ಒಪ್ಪುತ್ತೇನೆ. 1975ರ ‘ಮೇಕಿಂಗ್ ಮ್ಯೂಸಿಕ್’ ಅನ್ನು ಮಾತ್ರ ಆ ಪಟ್ಟಿಗೆ ಸೇರಿಸಿಕೊಳ್ಳಿ. ಹೊಸ ಕಂಪನಿಯ ಮೊದಲ ಆಲ್ಬಮ್ಮಾದ ಅದರಲ್ಲಿ ಅವರು ಇನ್ನೂ ತಮ್ಮ ದಾರಿಯಲ್ಲೇ ಇದ್ದಾರೆ. ಅದನ್ನು ‘ಸ್ಟಿಲ್ ಬಿಲ್’ ಜೊತೆಗಿಟ್ಟು ಕೇಳಿದರೆ ಮೂರು ವರ್ಷಗಳಲ್ಲಿ ತಂತಿವಾದ್ಯಗಳೂ ಸಹಗಾಯನವೂ ಎಷ್ಟು ಹೆಚ್ಚಿದವು, ಗಿಟಾರು ಎಷ್ಟು ಹಿಂದೆ ಸರಿಯಿತು ಎಂಬುದು ಕಿವಿಗೇ ಗೊತ್ತಾಗುತ್ತದೆ.